ಹಣೆ ಮುಟ್ಟುವ ಕೈ

ಆ ಮನೆಯಲ್ಲಿ ಯಾರಿಗೆ ಜ್ವರ ಬಂದಿದೆ, ಯಾರಿಗೆ ಬಂದಿಲ್ಲ ಎಂದು ತೀರ್ಪು ಕೊಡುವ ಅಧಿಕಾರ ಒಬ್ಬಳಿಗೆ ಮಾತ್ರ ಇತ್ತು. ಅವಳೇನೂ ಕೇಳಿ ಪಡೆದದ್ದಲ್ಲ. ಉಳಿದವರೆಲ್ಲ ಆ ಕೆಲಸಕ್ಕೆ ನಾಲಾಯಕ್ಕಾಗಿದ್ದರಿಂದ ತಾನಾಗಿ ಬಂದದ್ದು. ಗಂಡ ಬ್ರೆಡ್ ಫ್ಯಾಕ್ಟರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ಇಪ್ಪತ್ತೆರಡು ವರ್ಷ ಕಾದ ತಟ್ಟೆ ಹಿಡಿದೂ ಹಿಡಿದೂ ಅವನ ಅಂಗೈ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವವನಿಗೆ ಮನುಷ್ಯರ ಜ್ವರ ಎಲ್ಲಿ ತಿಳಿಯಬೇಕು? ಅವಳ ತಂದೆ, ರಿಟೈರಾದ ಬಸ್ ಕಂಡಕ್ಟರು, ಇದಕ್ಕೆ ತದ್ವಿರುದ್ಧ. ಯಾರ ಹಣೆ ಮುಟ್ಟಿದರೂ ‘ಜ್ವರ ಇದೆ’ ಎನ್ನುತ್ತಿದ್ದರು. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನ ಹಣೆಯನ್ನೂ ಮುಟ್ಟಿ ನೋಡಿ, ಮನೆಗೆ ಹೋಗಿ ಮಲಗು ಎಂದು ಕಳಿಸಿದ್ದರು. ಥರ್ಮಾಮೀಟರ್ ಒಂದಿತ್ತು. ಮಗಳು ನಾಲ್ಕು ವರ್ಷದವಳಿದ್ದಾಗ ಅದನ್ನು ಗೊಂಬೆಯ ಬಾಯಿಗಿಟ್ಟು ಮುರಿದಳು. ಇನ್ನೊಂದನ್ನು ತರುವ ಗೋಜಿಗೆ ಯಾರೂ ಹೋಗಲಿಲ್ಲ. ಅಮ್ಮನ ಎಡಗೈ ಇತ್ತಲ್ಲ.

ಅವಳನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕಟಿಂಗ್ ಮಾಸ್ಟರ್. ಗಂಡ ಕೂಡ ಖುಷಿಯಲ್ಲಿದ್ದಾಗ ‘ಏನು ಮಾಸ್ಟ್ರೇ’ ಎಂದೇ ಕರೆಯುತ್ತಿದ್ದ. ಬಲಗೈ ಬರೀ ಕತ್ತರಿ ಹಿಡಿಯೋ ಕೂಲಿ, ಬುದ್ಧಿಯೆಲ್ಲ ಎಡಗೈಯಲ್ಲಿ ಎಂದು ಅವಳು ಹೇಳುವುದಿತ್ತು. ಬಟ್ಟೆಯ ಹೊರಮೈ ಯಾವುದು, ಒಳಮೈ ಯಾವುದು, ಎಳೆ ಯಾವ ಕಡೆ ಓಡುತ್ತದೆ, ಥಾನಿನ ನಡುವೆ ಎಲ್ಲಿ ನೂಲು ಗಂಟು ಬಿದ್ದಿದೆ ಎಂದು ತಿಳಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ, ಎಡಗೈ ಹಾಯಿಸಿದರೆ ಸಾಕಿತ್ತು. ಅದೇ ಕೈ ಮನೆಯಲ್ಲಿ ಹಣೆ ಮುಟ್ಟುತ್ತಿತ್ತು. ‘ನೂರು ದಾಟಿದೆ, ಮಲಕೋ.’ ‘ಏನಿಲ್ಲ, ನಾಟಕ, ಏಳು.’ ಅದರ ಮೇಲೆ ಅಪೀಲಿರಲಿಲ್ಲ.

ಆ ಎಡಗೈ ಎಂಟು ತಿಂಗಳ ಹಿಂದೆ ಮರಗಟ್ಟಿತು. ಆಡುತ್ತದೆ, ಹಿಡಿಯುತ್ತದೆ, ಎತ್ತುತ್ತದೆ; ಏನನ್ನು ಹಿಡಿದಿದ್ದೇನೆ ಎಂದು ಮಾತ್ರ ಹೇಳುವುದಿಲ್ಲ. ಅದಕ್ಕೂ ಮೊದಲು ಒಂದು ಕಣ್ಣು ಮಂಜಾಗಿ, ಮೂರು ವಾರಕ್ಕೆ ತಾನಾಗಿ ತಿಳಿಯಾಗಿತ್ತು. ಆಮೇಲೆ ಎಡಪಾದಕ್ಕೆ ಜೋಮು ಹಿಡಿಯಿತು, ಆ ಜೋಮು ಇಳಿಯಲೇ ಇಲ್ಲ. ಡಾಕ್ಟರು ರೋಗಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು ಹೇಳಿದರು. ವೈರಿನ ಮೇಲಿನ ರಬ್ಬರು ಸವೆದ ಹಾಗೆ ನರದ ಮೇಲಿನ ಹೊದಿಕೆ ಸವೆಯುತ್ತದೆ, ಅದನ್ನು ಸವೆಸುವುದು ನಮ್ಮ ಮೈಯೇ, ಪೂರ್ತಿ ವಾಸಿ ಮಾಡುವ ಔಷಧ ಇಲ್ಲ, ಮುಂದೆ ಹೋಗದಂತೆ ತಡೆಯಲು ನೋಡಬಹುದು, ದಿನ ಬಿಟ್ಟು ದಿನ ಇಂಜೆಕ್ಷನ್ ತೆಗೆದುಕೊಳ್ಳಬೇಕು ಎಂದರು. ಅವಳಿಗೆ ಅಳು ಬರುತ್ತದೆ ಎಂದುಕೊಂಡು ಗಂಡ ಕರ್ಚೀಫು ಹಿಡಿದು ಕೂತಿದ್ದ. ಬರಲಿಲ್ಲ. ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿ ಎಲ್ಲಿಡಬೇಕು ಎಂದು ಕೇಳಿದಳು, ಅಷ್ಟೇ. ಕರ್ಚೀಫನ್ನು ಕೊನೆಗೆ ಅವನೇ ಬಳಸಿಕೊಂಡ.

ಮನೆಯವರು ಅವಳ ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಳ್ಳಲು ಶುರು ಮಾಡಿದ್ದು ಒಂದು ಭಾನುವಾರ. ಅವಳು ಮೊಟ್ಟೆ ಹುರಿಯುತ್ತಿದ್ದಳು. ಬಾಣಲೆಯ ಹಿಡಿಯ ಮರ ಎಂದೋ ಬಿದ್ದುಹೋಗಿ ಬರೀ ಕಬ್ಬಿಣ ಉಳಿದಿತ್ತು. ಅದನ್ನು ಬಟ್ಟೆಯಿಲ್ಲದೆ ಎಡಗೈಯಲ್ಲಿ ಹಿಡಿದು, ಕಿಟಕಿಯಾಚೆ ನೋಡುತ್ತಾ ನಿಂತಿದ್ದಳು. ಬೇರೆ ಏನೋ ವಾಸನೆ ಬಂತೆಂದು ತಂದೆ ಒಳಗೆ ಬಂದರು.

“ಏ, ಬಿಡೇ! ಕೈ ಸುಡ್ತಾ ಇದೆ!”

“ಓ, ಹೌದಾ?” ಎಂದಳು ಅವಳು, ಪಕ್ಕದ ಮನೆಯವರ ಸುದ್ದಿ ಕೇಳಿದ ಹಾಗೆ.

ಅಂಗೈಯಲ್ಲಿ ಅಡ್ಡಕ್ಕೆ ಕೆಂಪು ಪಟ್ಟಿ ಎದ್ದಿತ್ತು. ಅದನ್ನು ಇಬ್ಬರೂ ಸ್ವಲ್ಪ ಹೊತ್ತು ನೋಡಿದರು.

“ಇವತ್ತಿಂದ ಅಡುಗೆಮನೆ ನನ್ನ ಡ್ಯೂಟಿ,” ಎಂದರು ತಂದೆ. ಎಪ್ಪತ್ತೊಂದು ವರ್ಷದಲ್ಲಿ ಅವರು ಬೆಂಕಿಕಡ್ಡಿ ಗೀರಿದ್ದು ಬೀಡಿ ಹಚ್ಚಲು ಮಾತ್ರ. ಮುಂದಿನ ಹದಿನೈದು ದಿನ ಮನೆಯವರೆಲ್ಲ ಬೆಂದ ಆಲೂಗಡ್ಡೆ ತಿಂದರು. ಆಮೇಲೆ ಬೇಯದ ಆಲೂಗಡ್ಡೆ ತಿಂದರು.

ಅಡುಗೆಮನೆ ಹೋದ ಮೇಲೆ ಉಳಿದದ್ದು ಹೋಗಲು ತಡವಾಗಲಿಲ್ಲ. ಆ ಕಾಯಿಲೆಗೆ ಬಿಸಿ ಆಗದು; ಬಿಸಿನೀರು ಮೈಮೇಲೆ ಬಿದ್ದರೆ ಅವಳ ಕಣ್ಣು ಮಂಜಾಗಿ ಕಾಲು ಕುಸಿಯುತ್ತಿತ್ತು. ಬಚ್ಚಲಲ್ಲಿ ಒಮ್ಮೆ ಕೂತುಬಿಟ್ಟಿದ್ದಳು. ಹಾಗಾಗಿ ನೀರು ಹದ ಮಾಡುವುದು ಮಗಳ ಪಾಲಿಗೆ ಹೋಯಿತು. ಇಂಜೆಕ್ಷನ್ನೂ ಮಗಳದೇ, ಅವಳು ಲ್ಯಾಬ್ ಟೆಕ್ನೀಷಿಯನ್ ಕೋರ್ಸಿನ ಎರಡನೇ ವರ್ಷದಲ್ಲಿದ್ದಳು, ಸೂಜಿಯ ಭಯವಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಗಂಡ ಬೀರುವಿನ ಮೇಲೆ, ಅವಳ ಕೈಗೆ ಎಟುಕದ ಕಡೆ ಇಟ್ಟ. ತರಕಾರಿ ಹೆಚ್ಚುವ ಚಾಕು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸಂಜೆ ಅಂಗಡಿಯಿಂದ ಬಂದು ಅವಳು ಏನಾದರೂ ಮುಟ್ಟಲು ಹೋದರೆ ಮೂರು ಬಾಯಿಗಳು ಒಟ್ಟಿಗೆ “ಬಿಡು” ಎನ್ನುತ್ತಿದ್ದವು.

“ಒಂದು ಗಾಜಿನ ಬೀರು ಮಾಡಿಸಿ,” ಎಂದಳು ಒಂದು ದಿನ ಊಟಕ್ಕೆ ಕೂತಾಗ. “ಒಳಗೆ ಕೂತ್ಕೋತೀನಿ.”

“ಧೂಳು ಒರೆಸೋ ಡ್ಯೂಟಿ ಯಾರದು?” ಎಂದರು ತಂದೆ.

ಮಗಳು ನಕ್ಕಳು. ಗಂಡ ನಗಲಿಲ್ಲ. ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಟ್ಟ.

“ಅಂಗಡೀಲಿ ಹೇಳಿದ್ಯಾ?”

“ಹೇಳ್ತೀನಿ.”

“ಎರಡು ತಿಂಗಳಿಂದ ಹೇಳ್ತೀನಿ ಅಂತಾನೇ ಇದ್ದೀಯ.”

“ಆಸ್ಪತ್ರೆಯವರ ಕೋಟಿನ ಆರ್ಡರ್ ಬಂದಿದೆ. ಎಂಟುನೂರು ಕೋಟು. ಅದು ಮುಗೀಲಿ.”

“ಅದು ಮುಗಿಯೋ ಹೊತ್ತಿಗೆ ನಿನ್ನ ಕೈಯಲ್ಲಿ ಎಷ್ಟು ಬೆರಳು ಉಳಿದಿರುತ್ತೆ?”

“ಎಣಿಸೋಕೆ ನೀವಿದ್ದೀರಲ್ಲ.”

“ಊಟದ ಹೊತ್ತಲ್ಲಿ ಇದೆಂಥ ಮಾತು!” ಎಂದು ತಂದೆ ಗದರಿದರು. ಅಲ್ಲಿಗೆ ಅದು ನಿಂತಿತು. ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು.

ಗಂಡನ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಅಂಗಡಿಯಲ್ಲಿ ಅರವತ್ತು ಪದರ ಬಟ್ಟೆಯನ್ನು ಉದ್ದದ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿ, ಮೇಲಿನ ಪದರದಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ, ಕಟಿಂಗ್ ಮಷೀನಿನಲ್ಲಿ ಅರವತ್ತನ್ನೂ ಒಂದೇ ಸಲ ಕತ್ತರಿಸುತ್ತಾರೆ. ಮಷೀನಿನ ಅಲಗು ನೆಟ್ಟಗೆ ನಿಂತಿರುತ್ತದೆ. ಬಲಗೈ ಅದನ್ನು ಗೆರೆಯ ಮೇಲೆ ದೂಡಿಕೊಂಡು ಹೋಗಬೇಕು, ಎಡಗೈ ಅಲಗಿನ ಪಕ್ಕದಲ್ಲೇ ಬಟ್ಟೆ ಜರುಗದ ಹಾಗೆ ಒತ್ತಿ ಹಿಡಿಯಬೇಕು. ಕೈಗೂ ಅಲಗಿಗೂ ನಡುವೆ ಎರಡು ಬೆರಳಿನ ಜಾಗ. ಇದಕ್ಕೆಂದೇ ಕಬ್ಬಿಣದ ಎಳೆಯಲ್ಲಿ ಹೆಣೆದ ಒಂದು ಕೈಗವಸು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಗವಸು ಹಾಕಿಕೊಂಡರೆ ಬಟ್ಟೆ ಮಾತಾಡುವುದಿಲ್ಲ ಎಂದು ಹತ್ತೊಂಬತ್ತು ವರ್ಷ ಅವಳು ಅದನ್ನು ಮುಟ್ಟಿರಲಿಲ್ಲ. ಹೊಸಬರು ಹಾಕಿಕೊಂಡರೆ ನಗುತ್ತಿದ್ದಳು. ಈಗ ಹಾಕಿಕೊಂಡರೆ ಅಂಗಡಿಗೆ ಅಂಗಡಿಯೇ ತಲೆಯೆತ್ತಿ ನೋಡುತ್ತದೆ. ಅವಳು ಗೋಡೆಯ ಕಡೆಗೆ ನೋಡುತ್ತಲೇ ಇರಲಿಲ್ಲ.

ಮನೆಯಲ್ಲಿ ಅವಳಿಗೆ ಕೆಲಸವಿರಲಿಲ್ಲ. ಅಂಗಡಿಯೂ ಹೋದರೆ ಬೆಳಿಗ್ಗೆ ಯಾಕೆ ಏಳಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಹೇಳಿಕೊಳ್ಳಬೇಕೆಂದೂ ಅನಿಸಲಿಲ್ಲ.

ಆರ್ಡರಿನ ಮೂರನೆಯ ವಾರ, ಕೋಟಿನ ತೋಳುಗಳನ್ನು ಕತ್ತರಿಸಿ ಮಷೀನು ನಿಲ್ಲಿಸಿದಾಗ, ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಕಾಜಾ ಅಕ್ಕ ಎದ್ದು ಬಂದಳು. ಕಾಜಾ ಹಾಕಿ ಗುಂಡಿ ಹೊಲಿಯುವುದು ಅವಳ ಕೆಲಸ, ಅಂಗಡಿಗೆಲ್ಲ ಹಿರಿಯಳು, ಕನ್ನಡಕದ ಮೇಲಿಂದ ನೋಡುವವಳು.

“ಉಗುರು ಎಲ್ಲಿ?”

“ಯಾವ ಉಗುರು?”

ಕಾಜಾ ಅಕ್ಕ ಅವಳ ಎಡಗೈ ಎತ್ತಿ ತೋರಿಸಿದಳು. ತೋರುಬೆರಳಿನ ಉಗುರಿನ ತುದಿ ಸೀಳಿದ ಹಾಗೆ ನೇರಕ್ಕೆ ಹೋಗಿತ್ತು. ರಕ್ತ ಬಂದಿರಲಿಲ್ಲ. ಬೆರಳಿಗೂ ಅಲಗಿಗೂ ನಡುವೆ ಒಂದು ನೂಲಿನಷ್ಟು ಉಳಿದಿತ್ತು.

“ನಾನು ಆಗಿಂದ ನೋಡ್ತಾ ಇದೀನಿ. ನೀನು ಬಟ್ಟೆ ಮುಟ್ಟಿ ನೋಡೋದು ಬಿಟ್ಟು ಬೆಳಕಿಗೆ ಹಿಡಿದು ನೋಡ್ತೀಯ. ಏನಾಗಿದೆ ನಿನಗೆ?”

“ಚಳಿಗೆ ಕೈ ಜೋಮು ಅಕ್ಕ.”

“ಚಳಿ ಎಲ್ಲಿದೆ?”

“ಅಂಗಡಿ ಯಜಮಾನರಿಗೆ ಹೇಳಬೇಡ.”

“ನಾನು ಯಾಕೆ ಹೇಳ್ಲಿ? ನನಗೆ ಕೋಟಿನ ಮೇಲಿನ ರಕ್ತ ತೊಳೆಯೋ ಕೆಲಸ ಬರದಿದ್ರೆ ಸಾಕು,” ಎಂದು ಕಾಜಾ ಅಕ್ಕ ಹೋಗಿ ಕೂತಳು. ಆದರೆ ಅವತ್ತಿಡೀ ಅವಳು ಗುಂಡಿ ಹೊಲಿದದ್ದಕ್ಕಿಂತ ಕನ್ನಡಕದ ಮೇಲಿಂದ ನೋಡಿದ್ದೇ ಹೆಚ್ಚು.

ಭಯವಾಗಬೇಕಿತ್ತು. ಮಾಸ್ಟರ್ ಆ ಉಗುರನ್ನು ನೋಡುತ್ತಾ ಭಯಕ್ಕಾಗಿ ಕಾದಳು. ಬರಲಿಲ್ಲ. ಉಳಿದ ಉಗುರುಗಳನ್ನೂ ಅದೇ ಅಳತೆಗೆ ಕತ್ತರಿಸಿಕೊಂಡು ಮನೆಗೆ ಹೋದಳು, ಯಾರಿಗೂ ಗೊತ್ತಾಗದಿರಲಿ ಎಂದು.

ಆಮೇಲಿನ ಬುಧವಾರ ಮಗಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಬೆಳಿಗ್ಗೆ ಟೇಬಲ್ಲಿನ ಮುಂದೆ ಕೂತು ಅವಳು ಬ್ರೆಡ್ಡನ್ನು ಚೂರು ಮಾಡುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ. ಗಂಡ ಫ್ಯಾಕ್ಟರಿಗೆ ಹೋಗಿ ಆಗಿತ್ತು. ತಂದೆ ಒಲೆಯ ಹತ್ತಿರದಿಂದ ಬಂದು ಮೊಮ್ಮಗಳ ಹಣೆ ಮುಟ್ಟಿದರು.

“ಜ್ವರ ಇದೆ.”

“ನಿಮ್ಮ ಲೆಕ್ಕದಲ್ಲಿ ಎಲ್ಲರಿಗೂ ಇರುತ್ತೆ,” ಎಂದಳು ಮಾಸ್ಟರ್, ಚಪ್ಪಲಿ ಹಾಕಿಕೊಳ್ಳುತ್ತಾ. ಎಡಗಾಲು ಚಪ್ಪಲಿಯೊಳಗೆ ಹೋಯಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕಿತ್ತು.

“ಈ ಸಲ ನಿಜವಾಗ್ಲೂ ಇದೆ ಕಣಮ್ಮ. ಸುಡ್ತಾ ಇದೆ.”

“ಪರೀಕ್ಷೆ ದಿನ ಎಲ್ಲರಿಗೂ ಬರುತ್ತೆ. ಎಲ್ಲಿ, ನೋಡೋಣ.”

ಬಂದಳು, ಕೈಯಿಟ್ಟಳು. ಹದಿನೆಂಟು ವರ್ಷದ ಅಭ್ಯಾಸ, ಹೋದದ್ದು ಎಡಗೈ. ಮಗಳು ತಲೆಯೆತ್ತಿ ಆ ಕೈಯನ್ನು ನೋಡಿದಳು, ಅಮ್ಮನ ಮುಖ ನೋಡಿದಳು.

“ಏನಿಲ್ಲ,” ಎಂದಳು ಮಾಸ್ಟರ್. “ಹೋಗಿ ಬಾ.”

“ಸರಿಯಮ್ಮ,” ಎಂದು ಮಗಳು ಬ್ಯಾಗು ಎತ್ತಿಕೊಂಡು ಹೊರಟಳು.

“ರೈಟ್ ರೈಟ್,” ಎಂದರು ತಂದೆ ಹಿಂದಿನಿಂದ. ಆದರೆ ಯಾವತ್ತಿನ ಜೋರು ಆ ದನಿಯಲ್ಲಿರಲಿಲ್ಲ.

ಹನ್ನೊಂದೂವರೆಗೆ ಕಾಲೇಜಿನಿಂದ ಅಂಗಡಿಗೆ ಫೋನು ಬಂತು. ಮಗಳು ಲ್ಯಾಬಿನಲ್ಲಿ ಗಾಜಿನ ನಳಿಕೆ ಹಿಡಿದುಕೊಂಡೇ ಬಿದ್ದಿದ್ದಳು. ಗಾಜು ಒಡೆದಿತ್ತು, ಪುಣ್ಯಕ್ಕೆ ಚುಚ್ಚಿರಲಿಲ್ಲ. ಅಲ್ಲಿನವರು ಜ್ವರ ನೋಡಿದರೆ ನೂರಾ ಮೂರು. ಅವಳ ಅಪ್ಪ ಫ್ಯಾಕ್ಟರಿಯಿಂದ ಬಂದು ಕರೆದುಕೊಂಡು ಹೊರಟಿದ್ದಾರೆ, ಪರೀಕ್ಷೆ ಇನ್ನೊಂದು ಸಲ ಬರೆಯಬೇಕಾಗುತ್ತದೆ ಎಂದರು. ಮಾಸ್ಟರ್ ಫೋನಿಟ್ಟು ತನ್ನ ಎಡಗೈ ನೋಡಿಕೊಂಡಳು. ಅದು ಫೋನಿನ ತಂತಿಯನ್ನು ಸುತ್ತಿಕೊಂಡು ಹಿಡಿದಿತ್ತು. ಯಾವಾಗ ಹಿಡಿಯಿತೋ ಅವಳಿಗೆ ತಿಳಿಯದು.

ಸಂಜೆಯ ಹೊತ್ತಿಗೆ ಡಾಕ್ಟರು ಬರೆದ ಗುಳಿಗೆ ನುಂಗಿ ಮಗಳು ಹಜಾರದ ಸೋಫಾದ ಮೇಲೆ ಮಲಗಿದ್ದಳು. ಗಂಡ ಫ್ಯಾಕ್ಟರಿಯ ಬಿಳಿ ಅಂಗಿಯಲ್ಲೇ ಕೂತಿದ್ದ. ತಂದೆ ಹಾಲು ಬಿಸಿಮಾಡಿ ತಂದು ಮೇಜಿನ ಮೇಲಿಟ್ಟರು.

“ನಾನು ಹೇಳಿದ್ದೆ,” ಎಂದರು.

“ಮಾವ, ಈಗ ಬೇಡ,” ಎಂದ ಗಂಡ.

“ಜೀವಮಾನದಲ್ಲಿ ಒಂದು ಸಲ ನಾನು ಹೇಳಿದ್ದು ಸರಿಯಾಗಿದೆ. ಅದನ್ನೂ ಹೇಳಬಾರದಾ?”

ಮಾಸ್ಟರ್ ಸೋಫಾದ ತುದಿಯಲ್ಲಿ ಕೂತಳು.

“ನಾನು ಎಡಗೈ ಇಟ್ಟೆ ಅಂತ ನಿನಗೆ ಗೊತ್ತಾಯ್ತು.”

“ಹೂಂ.”

“ಅದಕ್ಕೆ ಏನೂ ತಿಳಿಯಲ್ಲ ಅಂತಲೂ ಗೊತ್ತು. ಸೂಜಿ ಚುಚ್ಚೋಳು ನೀನೇ.”

“ಹೂಂ.”

“ಮತ್ತೆ ಬಾಯಿಬಿಟ್ಟು ಹೇಳೋದಕ್ಕೆ ಏನಾಗಿತ್ತು? ಅಮ್ಮ, ಬಲಗೈ ಇಡು ಅನ್ನೋಕೆ? ತಾತ ಹೇಳಿದ್ದು ನಿಜ ಅನ್ನೋಕೆ? ನೂರಾ ಮೂರು ಜ್ವರ ಹೊತ್ಕೊಂಡು ಹೋಗಿ ಬೀಳಬೇಕಿತ್ತಾ?”

ಮಗಳು ಗೋಡೆಯ ಕಡೆ ಮುಖ ಮಾಡಿದಳು.

“ಎಲ್ಲಾ ಕಿತ್ಕೊಂಡಿದೀವಲ್ಲಮ್ಮ,” ಎಂದಳು. “ಇದೊಂದಾದ್ರೂ ಇರಲಿ ಅಂತ ಸುಮ್ಮನಾದೆ.”

ಗಂಡ ತನ್ನ ಅಂಗೈಗಳನ್ನು ಉಜ್ಜಿಕೊಂಡ. ಅವನೇನೋ ನುಂಗಿಕೊಳ್ಳುತ್ತಿದ್ದಾನೆ ಎಂದು ಅವಳಿಗೆ ಕಂಡಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಷ್ಟು ಗೊತ್ತಾಗದೆ ಇರುತ್ತದೆಯೇ.

“ನೀವೂನಾ?” ಎಂದಳು.

“ಹೋದ ತಿಂಗಳು. ಎರಡು ದಿನ ಜ್ವರ,” ಎಂದ ಅವನು. “ನೀನು ಏನಿಲ್ಲ ಅಂದೆ. ಹೋದೆ. ಒಲೆ ಮುಂದೆ ಹೇಗೂ ಬಿಸಿಯೇ. ಯಾರಿಗೂ ಗೊತ್ತಾಗ್ಲಿಲ್ಲ.”

ಆಗ ಅವಳಿಗೆ ಅರ್ಥವಾಯಿತು. ಮನೆಯವರು ತನಗಾಗಿ ಬಿಟ್ಟಿದ್ದ ಒಂದೇ ಒಂದು ಕೆಲಸವನ್ನು ತಾನು ತಿಂಗಳುಗಟ್ಟಲೆ ತಪ್ಪುತಪ್ಪಾಗಿ ಮಾಡುತ್ತಿದ್ದಳು. ಅವರು ಆ ತಪ್ಪನ್ನು ಮೈಮೇಲೆ ಹಾಕಿಕೊಂಡು ಬಿಸಿಲಲ್ಲಿ, ಬೆಂಕಿಯಲ್ಲಿ ಓಡಾಡುತ್ತಿದ್ದರು. ದುಃಖವಾಯಿತು. ಆದರೆ ಗೋಡೆಯಾಚೆಯ ಮನೆಯಲ್ಲಿ ಯಾರೋ ಅಳುವುದು ಕೇಳಿದ ಹಾಗಾಯಿತು. ಎದ್ದು ಹಾಲಿನ ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡು, ತುಟಿಗಿಟ್ಟು ಬಿಸಿ ನೋಡಿ, ಮಗಳಿಗೆ ಕೊಟ್ಟಳು.

ಮರುದಿನ ಅಂಗಡಿಯಲ್ಲಿ ಅವಳು ಮಷೀನಿನ ಸ್ವಿಚ್ಚು ಹಾಕಲಿಲ್ಲ. ನೇರವಾಗಿ ಯಜಮಾನರ ಮೇಜಿನ ಹತ್ತಿರ ಹೋಗಿ ನಿಂತಳು. ಅವರು ಗುಂಡಿಯ ಸ್ಯಾಂಪಲ್ಲುಗಳನ್ನು ಜೋಡಿಸುತ್ತಿದ್ದರು.

“ನನ್ನ ಎಡಗೈಗೆ ಸ್ಪರ್ಶ ಇಲ್ಲ. ಎಂಟು ತಿಂಗಳಾಯ್ತು. ನರದ ಕಾಯಿಲೆ, ಹೋಗೋದಲ್ಲ.”

ಯಜಮಾನರು ಗುಂಡಿಗಳನ್ನು ಬಿಟ್ಟರು. ಅವಳ ಮುಖ, ಕೈ, ಮಷೀನು ಎಲ್ಲವನ್ನೂ ಸರದಿಯಂತೆ ನೋಡಿದರು.

“ಎಂಟು ತಿಂಗಳಿಂದ ಆ ಮಷೀನಿನಲ್ಲಿ…? ಅಮ್ಮಾ, ನಿಮಗೇನು ತಲೆ ಕೆಟ್ಟಿದೆಯಾ?”

“ತಲೆ ಸರಿಯಿದೆ. ತಲೆ ಹೇಳಿದ್ದು ಕೈಗೆ ಹೋಗಲ್ಲ, ಅಷ್ಟೇ.”

“ಗವಸು ಇದೆಯಲ್ಲ, ಹಾಕ್ಕೊಂಡು ಮಾಡಿ,” ಎಂದರು ಅವರು. ಮಾಸ್ಟರನ್ನು ಕಳೆದುಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. ಆಮೇಲೆ ತಾವೇ ತಡೆದು ಕೇಳಿದರು: “ಬೆರಳೇನೋ ಉಳಿಯುತ್ತೆ. ಕೆಳಗಿನ ಪದರ ಜರುಗಿದ್ರೆ ನಿಮಗೆ ತಿಳಿಯುತ್ತಾ?”

ಹೌದು ಎಂದುಬಿಡಬಹುದಿತ್ತು. ಗವಸು ಅಲ್ಲೇ ಮೊಳೆಯಲ್ಲಿತ್ತು, ಎಂಟು ಹೆಜ್ಜೆ ದೂರದಲ್ಲಿ. ಮೊದಲ ಸಲ ಅವಳು ಅದನ್ನು ಸರಿಯಾಗಿ ನೋಡಿದಳು. ಮೇಲೆಲ್ಲ ಧೂಳು ಕೂತಿತ್ತು.

“ಗೊತ್ತಾಗಲ್ಲ,” ಎಂದಳು.

ಹೊಲಿಗೆಯ ಕಡೆಯಿಂದ ಒಬ್ಬನನ್ನು ಮಷೀನಿಗೆ ಕರೆದರು. ಅವಳಿಗೆ ಗೆರೆ ಹಾಕುವ ಕೆಲಸ ಉಳಿಯಿತು. ಅದಕ್ಕೆ ಕಣ್ಣು ಮತ್ತು ಬಲಗೈ ಸಾಕು. ಅವಳು ಸೀಮೆಸುಣ್ಣ ಹಿಡಿದು ತೋಳಿನ ಗೆರೆ, ಕಾಲರಿನ ಗೆರೆ, ಜೇಬಿನ ಗೆರೆ ಹಾಕಿದಳು. ಅವನು ಗವಸು ಹಾಕಿಕೊಂಡು ಕತ್ತರಿಸಿದ. ಯಾರೂ ನಗಲಿಲ್ಲ. ತಿರುವಿನಲ್ಲಿ ಅವನು ಗೆರೆಯಿಂದ ಅರ್ಧ ಬೆರಳು ಹೊರಗೆ ಹೋದದ್ದು ಕಂಡಿತು. ಬಾಯಿಬಿಟ್ಟು ಹೇಳಿದಳು, ಕೈ ಚಾಚಲಿಲ್ಲ. ಮಧ್ಯಾಹ್ನ ಕಾಜಾ ಅಕ್ಕ ತನ್ನ ಸ್ಟೂಲನ್ನು ಎಳೆದು ತಂದು ಅವಳ ಮೇಜಿನ ಪಕ್ಕ ಇಟ್ಟಳು.

“ಗೆರೆ ಹಾಕೋಕೆ ನಿಂತೇ ಇರಬೇಕು ಅಂತ ಏನಿಲ್ಲ. ಕೂತ್ಕೋ.”

ಅವಳು ಕೂತಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗಂಡ ಹೊಸ ಥರ್ಮಾಮೀಟರ್ ತಂದಿದ್ದ. ಅದನ್ನು ಮಗಳ ಬಾಯಿಗಿಟ್ಟು, ತಂದೆ ಹಳೆಯ ವಾಚು ನೋಡುತ್ತಾ ನಿಂತಿದ್ದರು.

“ಅಂಗಡೀಲಿ ಹೇಳಿದೆ,” ಎಂದಳು ಮಾಸ್ಟರ್ ಚಪ್ಪಲಿ ಬಿಡುತ್ತಾ. “ಮಷೀನು ಬಿಡಿಸಿದ್ರು. ಗೆರೆ ಹಾಕೋದಿದೆ.”

ಗಂಡ ಎದ್ದು ನಿಂತ. “ಟೀ ಮಾಡ್ಲಾ ಮಾಸ್ಟ್ರೇ?” ಎಂದ.

“ಮಾಡಿ.”

ಥರ್ಮಾಮೀಟರು ಬೀಪ್ ಎಂದಿತು. ತಂದೆ ಅದನ್ನು ಕನ್ನಡಕದ ಹತ್ತಿರ, ದೂರ ಹಿಡಿದು ಓದಿದರು. “ನೂರು ಪಾಯಿಂಟ್ ಎರಡು. ಇಳೀತಾ ಇದೆ. ನಾನು ನೂರು ಅಂತ ಆಗಲೇ ಅಂದಿದ್ದೆ.”

“ಅಮ್ಮ, ನೀನು ನೋಡು,” ಎಂದಳು ಮಗಳು.

“ಅದರಲ್ಲಿ ಬಂತಲ್ಲ.”

“ನೀನೂ ನೋಡು.”

“ನನಗೆ ಗೊತ್ತಾಗಲ್ಲ ಕಣೇ,” ಎಂದಳು ಮಾಸ್ಟರ್. ಆ ದಿನ ಎರಡನೆಯ ಸಲ ಆ ಮಾತು ಬಾಯಿಂದ ಬಂದದ್ದು. ಮೊದಲ ಸಲದಷ್ಟು ಭಾರವಿರಲಿಲ್ಲ. “ಇಟ್ಟರೂ ಏನೂ ತಿಳಿಯಲ್ಲ.”

“ನಿನಗೆ ತಿಳಿಯಲ್ಲ. ನನಗೆ ತಿಳಿಯುತ್ತಲ್ಲ.”

ಮಗಳು ಅವಳ ಎಡಗೈಯನ್ನು ತಾನೇ ಎಳೆದುಕೊಂಡು ಹಣೆಯ ಮೇಲಿಟ್ಟುಕೊಂಡಳು. ಅಂಗೈಯಲ್ಲಿ ಬಾಣಲೆ ಸುಟ್ಟ ಅಡ್ಡ ಪಟ್ಟಿ ಇನ್ನೂ ಮಾಸಿರಲಿಲ್ಲ.

“ತಣ್ಣಗಿದೆ,” ಎಂದು ಕಣ್ಣು ಮುಚ್ಚಿದಳು.

ಮಾಸ್ಟರ್ ಸೋಫಾಕ್ಕೆ ಸೊಂಟ ಆನಿಸಿ ನಿಂತಳು. ಒಳಗೆ ಗಂಡ ಟೀ ಪುಡಿಯ ಡಬ್ಬಿ ಹುಡುಕುತ್ತಿದ್ದ, ತಂದೆ ಅದು ಎಲ್ಲಿದೆ ಎಂದು ಇಲ್ಲಿಂದಲೇ ಕೂಗಿ ತಪ್ಪು ಜಾಗ ಹೇಳುತ್ತಿದ್ದರು.

“ಸಾಕಾ?” ಎಂದು ಕೇಳಿದಳು.

“ಇನ್ನೂ ಸ್ವಲ್ಪ ಹೊತ್ತು.”

ಅವಳು ಹಾಗೇ ನಿಂತಿದ್ದಳು. ಕೈ ಇನ್ನೂ ಹಣೆಯ ಮೇಲೇ ಇದೆಯೇ ಎಂದು ಆಗಾಗ ಬಗ್ಗಿ ನೋಡಿಕೊಳ್ಳುತ್ತಿದ್ದಳು.